ತಲಕಾಡಿನ ಮರಳು, ಮಣ್ಣೆಯ ತಾಮ್ರಪಟ

ತಲಕಾಡಿಗೆ ಕಾಲಿಟ್ಟ ಯಾರಿಗಾದರೂ ಮೊದಲು ಕಿವಿಗೆ ಬೀಳುವುದು ಅಲಮೇಲಮ್ಮನ ಶಾಪದ ಕಥೆ. 1610ರಲ್ಲಿ ಶ್ರೀರಂಗಪಟ್ಟಣ ರಾಜ ಒಡೆಯರ ವಶವಾಯಿತು. ವಿಜಯನಗರದ ಪ್ರತಿನಿಧಿಯ ಪತ್ನಿ ಒಡವೆಗಳೊಂದಿಗೆ ಕಾವೇರಿಯ ಮಡುವಿಗೆ ಹಾರುವ ಮುನ್ನ ಈ ಊರು ಮರಳಾಗಲಿ ಎಂದು ಶಪಿಸಿದಳಂತೆ. ಹೊಳೆದಂಡೆಯ ದಿಬ್ಬಗಳನ್ನು ಬರಿಗಾಲಲ್ಲಿ ಹತ್ತಿಳಿಯುವಾಗ ಆ ಮಾತನ್ನು ನಂಬದಿರುವುದು ಕಷ್ಟವೇ. ಪಾತಾಳೇಶ್ವರ, ಮರಳೇಶ್ವರ ಗುಡಿಗಳಿಗೆ ಮೆಟ್ಟಿಲಿಳಿದು ಹೋಗಬೇಕು. ಮಧ್ಯಾಹ್ನ ಮಾತ್ರ ಹೋಗಬೇಡಿ, ಅಂಗಾಲು ಸುಡುತ್ತದೆ.

ನನಗೆ ಹೆಚ್ಚು ಹೊತ್ತು ನಿಲ್ಲಬೇಕೆನಿಸಿದ್ದು ಕೀರ್ತಿನಾರಾಯಣ ಗುಡಿಯ ಮುಂದೆ. ಚೋಳರು ರಾಜರಾಜಪುರವೆಂದು ಹೆಸರು ಬದಲಿಸಿದ್ದ ಊರನ್ನು ಗೆದ್ದು 'ತಲಕಾಡುಗೊಂಡ'ನೆನಿಸಿಕೊಂಡ ಹೊಯ್ಸಳ ವಿಷ್ಣುವರ್ಧನ 1117ರಲ್ಲಿ ಕಟ್ಟಿಸಿದ್ದು ಅದು. ಆ ಗುಡಿಯನ್ನೂ ಮರಳಿನಿಂದ ಬಿಡಿಸಿ ತೆಗೆಯಬೇಕಾಯಿತು. ಇಷ್ಟು ಮರಳು ಬಂದದ್ದಾದರೂ ಎಲ್ಲಿಂದ? ಕಾದಂಬರಿಕಾರರೆಂದೇ ನಮಗೆ ಪರಿಚಿತರಾದ ವಿಜ್ಞಾನಿ ಕೆ.ಎನ್. ಗಣೇಶಯ್ಯನವರು 2007ರ ಲೇಖನವೊಂದರಲ್ಲಿ ಬೆರಳು ತೋರಿಸುವುದು ಹೊಳೆಯ ಮೇಲುಭಾಗದಲ್ಲಿ, ವಿಜಯನಗರದ ಕಾಲದಲ್ಲಿ ಎದ್ದ ಮಾಧವಮಂತ್ರಿ ಅಣೆಕಟ್ಟಿನ ಕಡೆಗೆ. ನೀರು ತಗ್ಗಿತು, ಪಾತ್ರದ ಮರಳು ತೆರೆದುಕೊಂಡಿತು, ಗಾಳಿ ಅದನ್ನು ಊರಿಗೆ ಹೊತ್ತು ತಂದಿತು. ಈ ವಾದ ಒಪ್ಪಿದರೆ ಮರಳು ಶಾಪಕ್ಕಿಂತ ಹಳೆಯದು. ಹಾಗೆಂದು ನಾನು ಕಥೆಯನ್ನು ಕಸಕ್ಕೆಸೆಯಲಾರೆ. ತಲೆಮಾರುಗಟ್ಟಲೆ ಮನೆ, ಗದ್ದೆ ಬಿಟ್ಟು ಹಿಂದೆ ಸರಿದ ಜನ ಆ ಸಂಕಟವನ್ನು ಒಬ್ಬ ನೊಂದ ಹೆಣ್ಣಿನ ಬಾಯಲ್ಲಿಟ್ಟರು ಎಂದೇ ನನ್ನ ಊಹೆ. ಶಾಸನಗಳಲ್ಲಿ ದತ್ತಿ ಕೊಟ್ಟ ದೊರೆ ಸಿಗುತ್ತಾನೆ, ಊರು ಬಿಟ್ಟ ಒಕ್ಕಲು ಸಿಗುವುದಿಲ್ಲ.

ತಲಕಾಡು ಗಂಗರ ರಾಜಧಾನಿ. ಅದೇ ಗಂಗರ ಇನ್ನೊಂದು ನೆಲೆವೀಡು ನಮ್ಮ ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲೇ, ನೆಲಮಂಗಲ ತಾಲ್ಲೂಕಿನಲ್ಲಿದೆ: ಮಣ್ಣೆ, ಅಂದರೆ ಅಂದಿನ ಮಾನ್ಯಪುರ. 776ರಲ್ಲಿ ಶ್ರೀಪುರುಷ ದೇವರಹಳ್ಳಿ ತಾಮ್ರಪಟದ ದಾನವನ್ನು ಕೊಟ್ಟದ್ದು ಇಲ್ಲಿದ್ದುಕೊಂಡೇ. ಮಣ್ಣೆಯಲ್ಲೇ ದೊರೆತ 797ರ ತಾಮ್ರಪಟ, ಮಾರಸಿಂಹನ ಸೇನಾನಿ ಶ್ರೀವಿಜಯ ಇಲ್ಲಿ ಜಿನಾಲಯ ಕಟ್ಟಿಸಿದ್ದನ್ನು ಹೇಳುತ್ತದೆ. ಐದೇ ವರ್ಷಕ್ಕೆ, 802ರಲ್ಲಿ, ಇದೇ ಊರಿನ ಮತ್ತೊಂದು ತಾಮ್ರಪಟದಲ್ಲಿ ರಾಷ್ಟ್ರಕೂಟರ ಮಾತು! ಗಂಗರು ಸೋತು ಕೂತ ಆ ಕಾಲವನ್ನು ತಿಳಿಯಲು ಈ ಎರಡು ಪಟಗಳನ್ನು ಒಟ್ಟಿಗೆ ಓದಬೇಕು.

ಮಣ್ಣೆಗೆ ಕಾವೇರಿಯಿಲ್ಲ, ಶಾಪವಿಲ್ಲ, ತೆಪ್ಪದ ವಿಹಾರವಿಲ್ಲ. ಪಂಚಲಿಂಗ ದರ್ಶನಕ್ಕೆ ತಲಕಾಡಿನಲ್ಲಿ ನೆರೆಯುವ ಜಾತ್ರೆಯಂತೂ ಇಲ್ಲವೇ ಇಲ್ಲ. ಬೆಂಗಳೂರಿನಿಂದ ದೂರ ಮಾತ್ರ ತಲಕಾಡಿನ ಅರ್ಧಕ್ಕಿಂತ ಕಡಿಮೆ. ಹಾಳುಬಿದ್ದ ಕಪಿಲೇಶ್ವರ ಗುಡಿಯ ಬಾಗಿಲವಾಡದ ಕೆತ್ತನೆ ಇನ್ನೂ ಇದೆ. ಈ ಬಾರಿ ತಲಕಾಡಿಗೆ ಹೊರಟವರು ಮುಂದಿನ ಭಾನುವಾರವನ್ನು ಅದಕ್ಕೆಂದು ತೆಗೆದಿಡಿ.