ಒಲೆ ಹಚ್ಚದ ಸಿಹಿ

ಹೋದ ವರ್ಷ ಶ್ರಾವಣಕ್ಕೆ ಒಂದು ವಾರ ಮುಂಚೆ ಬೆಂಗಳೂರಿನಿಂದ ಮಗಳ ಫೋನು ಬಂತು. "ಅಮ್ಮಾ, ನಮ್ಮ ಅಪಾರ್ಟ್‌ಮೆಂಟಿನಲ್ಲಿ ಹೆಂಗಸರಿಗೆ ಒಂದು ಸ್ಪರ್ಧೆ ಇಟ್ಟಿದ್ದಾರೆ. ಒಲೆ ಹಚ್ಚದೆ ಹಬ್ಬದ ಸಿಹಿ ಮಾಡಬೇಕಂತೆ. ಎಲ್ಲರೂ ಬಿಸ್ಕತ್ತಿನ ಪುಡಿ, ಕ್ರೀಮು, ಚಾಕಲೇಟು ಅಂತ ಓಡಾಡ್ತಿದ್ದಾರೆ. ನಿನಗೇನಾದರೂ ಹೊಸದು ಗೊತ್ತಿದ್ರೆ ಹೇಳು."

"ಹೊಸದು ಗೊತ್ತಿಲ್ಲ. ನಾಗರಪಂಚಮಿಗೆ ಚಿಕ್ಕಂದಿನಿಂದ ಏನು ತಿಂದಿದ್ದೀಯ, ನೆನಪು ಮಾಡ್ಕೋ" ಎಂದೆ.

ಆ ಕಡೆ ಒಂದು ಗಳಿಗೆ ಮೌನ. ಆಮೇಲೆ, "ಅಯ್ಯೋ, ಚಿಗಳಿ, ತಂಬಿಟ್ಟು! ನೋಡು, ಹೊಳೀಲೇ ಇಲ್ಲ. ಎಷ್ಟಕ್ಕೆ ಎಷ್ಟು ಬೆಲ್ಲ ಹೇಳು, ಬರ್ಕೋತೀನಿ" ಎಂದಳು.

ಅಳತೆ ಹೇಳಿ ಫೋನಿಟ್ಟೆ. ಆದರೆ ಹೇಳಬೇಕಾದದ್ದರಲ್ಲಿ ಅರ್ಧ ನನ್ನಲ್ಲೇ ಉಳಿದುಹೋಯಿತು ಅನ್ನಿಸುತ್ತಲೇ ಇತ್ತು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡಿದವಳು ನಾನು. ರಾಜರ ಇಸವಿಗಳನ್ನು ಮಕ್ಕಳಿಂದ ಬಾಯಿಪಾಠ ಮಾಡಿಸಿದ್ದೇನೆ. ನಮ್ಮ ಮನೆಯ ಒಂದು ಉಂಡೆಯ ಇತಿಹಾಸವನ್ನು ಮಾತ್ರ ಸ್ವಂತ ಮಗಳಿಗೂ ಹೇಳಿರಲಿಲ್ಲ.

ನಮ್ಮದು ಹಾಸನದ ಕಡೆಯ ಹಳ್ಳಿ. ನಮ್ಮ ಕಡೆ ಶ್ರಾವಣ ಶುದ್ಧ ಪಂಚಮಿಯ ದಿನ ಬಾಣಲೆ ಇಡುವಂತಿಲ್ಲ, ಕಾವಲಿ ಇಡುವಂತಿಲ್ಲ, ಈಳಿಗೆಮಣೆ ಮುಟ್ಟುವಂತಿಲ್ಲ. ಕರಿದದ್ದು, ಹುರಿದದ್ದು, ಹೆಚ್ಚಿದ್ದು ಯಾವುದೂ ಆಗದು. ಜನಮೇಜಯನ ಸರ್ಪಯಾಗದಲ್ಲಿ ಬೆಂಕಿಗೆ ಬೀಳುತ್ತಿದ್ದ ಹಾವುಗಳನ್ನು ಆಸ್ತೀಕ ಮುನಿ ಉಳಿಸಿದ ದಿನ ಇದು ಎಂದು ಹಿರಿಯರು ಹೇಳುತ್ತಿದ್ದರು. ಬೆಂಕಿಗೆ ಹೆದರಿದ ಜೀವಕ್ಕೆ ಬೆಂಕಿ ಕಾಣದ ನೈವೇದ್ಯ. ಹಸಿ ಹಾಲು, ನೆನೆಸಿದ ಕಡಲೆಕಾಳು, ಹಸಿ ತಂಬಿಟ್ಟು, ಚಿಗಳಿ. ಉತ್ತರ ಕರ್ನಾಟಕದ ನನ್ನ ಸಹೋದ್ಯೋಗಿಯೊಬ್ಬರು ಇದನ್ನು ಕೇಳಿ ನಕ್ಕಿದ್ದರು. ಅವರ ಕಡೆ ಪಂಚಮಿಯೆಂದರೆ ತವರಿಗೆ ಬಂದ ಹೆಣ್ಣುಮಕ್ಕಳು, ಜೋಕಾಲಿ, ಡಬ್ಬಿ ತುಂಬ ಶೇಂಗಾ ಉಂಡಿ, ಎಳ್ಳುಂಡಿ. "ನಿಮ್ಮದು ಬರೇ ಹಸಿ ಹಿಟ್ಟಿನ ಹಬ್ಬ ಬಿಡ್ರಿ" ಎಂದು ಅವರು ರೇಗಿಸುತ್ತಿದ್ದರು.

ಹಸಿ ಹಿಟ್ಟೇ ನಿಜ. ಆದರೆ ಅದನ್ನು ಮಾಡುವುದು ಹುಡುಗಾಟವಲ್ಲ. ನಮ್ಮ ಮನೆಯಲ್ಲಿ ಮಾಡುತ್ತಿದ್ದವರು ದೊಡ್ಡತ್ತೆ, ನನ್ನ ತಂದೆಯ ಅಕ್ಕ. ಬೆಳಗಿನ ಜಾವ ಎದ್ದು ಸ್ನಾನ ಮಾಡಿ ಮಡಿಯುಟ್ಟು ಒಂದು ಸೇರು ಅಕ್ಕಿ ನೆನೆಹಾಕುವರು. ಎರಡು ಗಂಟೆ ನೆನೆದ ಮೇಲೆ ಬಸಿದು, ಒಗೆದ ಪಂಚೆಯ ಮೇಲೆ ನೆರಳಿನಲ್ಲಿ ಹರಡುವರು. ಬಿಸಿಲಿಗೆ ಹಾಕಬಾರದು. ಅಕ್ಕಿ ಒಣಗಲೂಬಾರದು, ಕೈಗೆ ಒದ್ದೆ ಹತ್ತಲೂಬಾರದು. ಆ ಹದ ಅವರ ಅಂಗೈಗೆ ಗೊತ್ತಿತ್ತು. ಆಮೇಲೆ ಒರಳಿಗೆ ಸುರಿದು ಒನಕೆಯಲ್ಲಿ ಕುಟ್ಟಿ, ಜರಡಿ ಹಿಡಿದು, ನುಚ್ಚನ್ನು ಮತ್ತೆ ಕುಟ್ಟಿ, ಹೂವಿನಂಥ ಹಿಟ್ಟು ಮಾಡುವರು. ಒಂದು ಪಾವು ಹಿಟ್ಟಿಗೆ ಅರ್ಧ ಪಾವಿಗಿಂತ ತುಸು ಹೆಚ್ಚು ಪುಡಿಬೆಲ್ಲ, ಒಂದು ಹಿಡಿ ಕಾಯಿತುರಿ, ನಾಲ್ಕು ಏಲಕ್ಕಿ. ಒಂದು ತೊಟ್ಟು ನೀರೂ ಬೇಡ. ಹಿಟ್ಟಿನ ಪಸೆಗೆ ಬೆಲ್ಲ ತಾನೇ ಕರಗಿ ಉಂಡೆ ನಿಲ್ಲುತ್ತದೆ.

ಚಿಗಳಿಗೆ ಎಳ್ಳು ಮತ್ತು ಬೆಲ್ಲ ಎರಡೇ. ಒಂದು ಬಟ್ಟಲು ಎಳ್ಳಿಗೆ ಮುಕ್ಕಾಲು ಬಟ್ಟಲು ಬೆಲ್ಲ. ಎಳ್ಳನ್ನು ಕಲ್ಲಿಲ್ಲದಂತೆ ಆರಿಸಿ, ಹುರಿಯದೆ ಹಸಿಯಾಗಿಯೇ ಬೆಲ್ಲದೊಂದಿಗೆ ಕುಟ್ಟಬೇಕು. ಮೊದಲು ಪುಡಿಯಾಗುತ್ತದೆ, ಆಮೇಲೆ ಮುದ್ದೆಯಾಗುತ್ತದೆ, ಕೊನೆಗೆ ಒನಕೆಯ ತುದಿ ಎಣ್ಣೆಯಲ್ಲಿ ಮಿರುಗತೊಡಗುತ್ತದೆ. ಅಲ್ಲಿಗೆ ನಿಲ್ಲಿಸಬೇಕು. "ಎಳ್ಳು ತಾನಾಗಿ ಬೆವರಬೇಕು" ಎನ್ನುವರು ದೊಡ್ಡತ್ತೆ. ಅಷ್ಟು ಹೊತ್ತಿಗೆ ಅವರೂ ಬೆವರಿರುತ್ತಿದ್ದರು.

ಈಗ ಯೋಚಿಸಿದರೆ, ಆ ಒರಳಿನಲ್ಲಿ ಎಂಥ ಹಳೆಯ ಸಾಮಾನುಗಳಿದ್ದವು ಎಂದು ಆಶ್ಚರ್ಯವಾಗುತ್ತದೆ. ಹರಪ್ಪಾದ ಉತ್ಖನನದಲ್ಲಿ 4,000 ವರ್ಷಕ್ಕೂ ಹಿಂದಿನ, ಸುಟ್ಟು ಕರಿಕಾದ ಎಳ್ಳು ಸಿಕ್ಕಿದೆ. ಎಳ್ಳು ಬೇರೆಲ್ಲಿಂದಲೋ ಬಂದದ್ದಲ್ಲ, ನಮ್ಮ ನೆಲದಲ್ಲೇ ಪಳಗಿದ ಬೆಳೆ. ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಎಣ್ಣೆಯನ್ನು ಹೊಟ್ಟೆಯಲ್ಲಿಟ್ಟುಕೊಂಡ ಕಾಳು. ಸಂಸ್ಕೃತದಲ್ಲಿ ತಿಲದಿಂದ ತೈಲ ಎಂಬ ಮಾತು ಹುಟ್ಟಿತು. ಕನ್ನಡದ ಎಣ್ಣೆಯೂ ಹಾಗೇ, ಎಳ್ಳಿನ ನೆಯ್ ಎಂದೇ ಅದರ ಅರ್ಥ. ಕಡಲೆಕಾಯಿ ಎಣ್ಣೆ, ಸೀಮೆಎಣ್ಣೆ ಎಂದು ನಾವು ಹೇಳುವಾಗಲೆಲ್ಲ ಒಳಗೆ ಎಳ್ಳೇ ಕೂತಿರುತ್ತದೆ.

ಬೆಲ್ಲದ ಕಥೆಯೂ ಉದ್ದವಾದದ್ದೇ. ಅಲೆಕ್ಸಾಂಡರನ ಜೊತೆ ಬಂದ ನೌಕಾಧಿಪತಿ ನಿಯಾರ್ಕಸ್, ಜೇನುಹುಳುವಿಲ್ಲದೆ ಜೇನು ಕೊಡುವ ಜೊಂಡು ಈ ದೇಶದಲ್ಲಿದೆ ಎಂದು ಬೆರಗಾಗಿದ್ದ. ನಮ್ಮ ಶರ್ಕರ ಪರ್ಷಿಯಾ, ಅರಬ್ ದೇಶಗಳನ್ನು ದಾಟಿ ಇಂಗ್ಲಿಷಿನ ಶುಗರ್ ಆಯಿತು. ನಮ್ಮ ಮೈಸೂರು ಸೀಮೆಯ ಮಟ್ಟಿಗೆ ಹೇಳುವುದಾದರೆ, ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಈ ನಾಡನ್ನೆಲ್ಲ ಸುತ್ತಿದ ಫ್ರಾನ್ಸಿಸ್ ಬುಕಾನನ್ ಶ್ರೀರಂಗಪಟ್ಟಣದ ಸುತ್ತಲ ಕಬ್ಬಿನ ಜಾತಿಗಳನ್ನು ಬರೆದಿಟ್ಟಿದ್ದಾನೆ. ರಸದಾಳಿ ಇಲ್ಲಿಯದೇ ಕಬ್ಬು. ಪಟ್ಟಾಪಟ್ಟಿ ಹೈದರ್-ಟಿಪ್ಪು ಕಾಲದಲ್ಲಿ ಆರ್ಕಾಟಿನ ಕಡೆಯಿಂದ ಬಂದದ್ದು. ಒಳ್ಳೆಯ ಬೆಲ್ಲ ಆಗುತ್ತಿದ್ದುದು ಅದರಿಂದಲೇ.

ಆಮೇಲೆ ಕನ್ನಂಬಾಡಿ ಕಟ್ಟೆಯ ನೀರು ಇರ್ವಿನ್ ನಾಲೆಯಲ್ಲಿ (ಈಗಿನ ವಿಶ್ವೇಶ್ವರಯ್ಯ ನಾಲೆ) ಮಂಡ್ಯಕ್ಕೆ ಹರಿಯಿತು. 1933ರಲ್ಲಿ ಅಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ಕೃಷಿ ಇಲಾಖೆಯ ಡಾ. ಲೆಸ್ಲಿ ಕೋಲ್ಮನ್ ಅದಕ್ಕಾಗಿ ಬಹಳ ದುಡಿದರು. ಬಿಳಿ ಸಕ್ಕರೆ ಮನೆಮನೆಗೆ ಬಂತು. ಜೊತೆಗೆ ಒಂದು ದೊಡ್ಡಸ್ತಿಕೆಯೂ ಬಂತು. ನಮ್ಮ ಮನೆಯಲ್ಲಿ ನೆಂಟರ ಕಾಫಿಗೆ ಸಕ್ಕರೆ, ಮನೆಯವರ ಕಾಫಿಗೆ ಬೆಲ್ಲ. ರೇಷನ್ನಿನಲ್ಲಿ ತಲೆಗಿಷ್ಟು ಎಂದು ಬಂದ ಸಕ್ಕರೆಯ ಡಬ್ಬಿಯನ್ನು ಅಮ್ಮ ನಮ್ಮ ಕೈಗೆ ಸಿಗದ ಅಟ್ಟಣಿಗೆಯ ಮೇಲೆ ಇಡುತ್ತಿದ್ದಳು.

ಹೋಳಿಗೆಗೆ, ಉಂಡೆಗೆ, ಪಾಯಸಕ್ಕೆ ಎಲ್ಲಕ್ಕೂ ಸಕ್ಕರೆ ನುಗ್ಗಿತು. ತಂಬಿಟ್ಟಿಗೂ ಚಿಗಳಿಗೂ ಮಾತ್ರ ನುಗ್ಗಲಾಗಲಿಲ್ಲ. ಕಾರಣ ಭಕ್ತಿ ಮಾತ್ರವಲ್ಲ. ಸಕ್ಕರೆ ಉಂಡೆ ಹಿಡಿಯಬೇಕಾದರೆ ಪಾಕ ಬೇಕು, ಪಾಕಕ್ಕೆ ಒಲೆ ಬೇಕು. ಬೆಲ್ಲಕ್ಕೆ ತನ್ನದೇ ಅಂಟಿದೆ, ತನ್ನದೇ ಪಸೆಯಿದೆ. ಒಲೆ ಹಚ್ಚಬಾರದೆಂಬ ಒಂದು ಕಟ್ಟುಪಾಡು ಬೆಲ್ಲವನ್ನು ನಮ್ಮ ಹಬ್ಬದಲ್ಲಿ ಉಳಿಸಿಕೊಂಡಿತು.

ಆದರೆ ಎಲ್ಲ ಕಟ್ಟುಪಾಡುಗಳೂ ಇಷ್ಟು ಒಳ್ಳೆಯವಾಗಿರಲಿಲ್ಲ.

ನೈವೇದ್ಯದ ತಟ್ಟೆ ಸಿದ್ಧವಾದ ಮೇಲೆ ಎಲ್ಲರೂ ಕೆರೆಯ ಬದಿಯ ಅರಳಿಕಟ್ಟೆಗೆ ಹೊರಡುತ್ತಿದ್ದೆವು. ಅಲ್ಲಿ ನಾಗರಕಲ್ಲುಗಳಿಗೆ ತನಿ ಎರೆದು ಮನೆಗೆ ಬಂದರೆ, ಅಣ್ಣತಮ್ಮಂದಿರು ಅಂಗಿ ಕಳಚಿ ಮಣೆಯ ಮೇಲೆ ಕೂರುವರು. ಅಕ್ಕತಂಗಿಯರು ಹಾಲಿನಲ್ಲಿ ಗರಿಕೆ ಅದ್ದಿ ಅವರ ಬೆನ್ನಿಗೆ ಮೂರು ಸಲ ಎರೆಯುವರು. ಒಡಹುಟ್ಟಿದವರು ತಣ್ಣಗಿರಲಿ ಎಂಬ ಹಾರೈಕೆ ಅದು. ನಾವು ಗಲಾಟೆ ಮಾಡಿ ದಕ್ಷಿಣೆ ಕಿತ್ತುಕೊಳ್ಳುತ್ತಿದ್ದೆವು. ದೊಡ್ಡತ್ತೆ ಮಾತ್ರ ಕಟ್ಟೆಗೂ ಬರುತ್ತಿರಲಿಲ್ಲ, ಹಜಾರಕ್ಕೂ ಬರುತ್ತಿರಲಿಲ್ಲ. ಒರಳು ತೊಳೆದು ಅಡಿಗೆಮನೆಯಲ್ಲಿ ಕೂತಿರುತ್ತಿದ್ದರು.

ನನಗೆ ಹತ್ತು ವರ್ಷವಿದ್ದಾಗ ಕೇಳಿಯೇ ಬಿಟ್ಟೆ, "ಅತ್ತೆ, ನೀವ್ಯಾಕೆ ಅಪ್ಪನ ಬೆನ್ನಿಗೆ ಹಾಲು ಹಾಕಲ್ಲ?" ಅಮ್ಮ ನನ್ನ ತೊಡೆ ಚಿವುಟಿದಳು. ದೊಡ್ಡತ್ತೆ, "ಕೈಯೆಲ್ಲಾ ಬೆಲ್ಲ ಕಣೇ" ಎಂದರು.

ಅವರಿಗೆ ಹನ್ನೆರಡಕ್ಕೆ ಮದುವೆ. ಎಂಟು ವರ್ಷ ತುಂಬದ ಹುಡುಗಿಯರ ಮದುವೆ ಮಾಡಕೂಡದೆಂದು ಮೈಸೂರು ಸರ್ಕಾರ 1894ರಲ್ಲೇ ಕಾನೂನು ಮಾಡಿತ್ತು. ಹನ್ನೆರಡರ ಹುಡುಗಿಗೆ ಅದರಿಂದೇನೂ ಉಪಯೋಗವಾಗಲಿಲ್ಲ. ಹದಿನಾರಕ್ಕೆ, 1941ರಲ್ಲಿ, ಗಂಡನನ್ನು ಕಳೆದುಕೊಂಡು ತವರಿಗೆ ಮರಳಿದರು. ಅದರ ಹಿಂದಿನ ವರ್ಷದ ಪಂಚಮಿಗೆ ಹತ್ತು ವರ್ಷದ ತಮ್ಮನ ಬೆನ್ನಿಗೆ ಹಾಲೆರೆದದ್ದೇ ಕೊನೆ. ದೇವರ ನೈವೇದ್ಯಕ್ಕೆ ಅವರ ಕೈ ಬೇಕಿತ್ತು, ತಮ್ಮನ ಬೆನ್ನಿಗೆ ಬೇಡವಾಗಿತ್ತು. ಇದನ್ನು ಮನೆಯಲ್ಲಿ ಯಾರೂ ಕ್ರೌರ್ಯವೆಂದುಕೊಂಡಿರಲಿಲ್ಲ. ನಾನೂ ಬಿ.ಎ., ಬಿ.ಎಡ್. ಮುಗಿಸಿ ಕೆಲಸಕ್ಕೆ ಸೇರಿದ ಮೇಲೂ ವರ್ಷವರ್ಷ ಬಂದು, ಅವರು ಮಾಡಿದ ಚಿಗಳಿ ತಿಂದು, ಸುಮ್ಮನೆ ಬಸ್ಸು ಹತ್ತುತ್ತಿದ್ದೆ.

1996ರಲ್ಲಿ ಶಾಲೆಯ ಮಕ್ಕಳನ್ನು ಕರೆದುಕೊಂಡು ಬನವಾಸಿಗೆ ಹೋಗಿದ್ದೆ. ಮಧುಕೇಶ್ವರ ದೇವಸ್ಥಾನದಲ್ಲಿ ಐದು ಹೆಡೆಯ ಒಂದು ನಾಗಶಿಲ್ಪವಿದೆ. ಅದರ ಮೇಲೆ ಪ್ರಾಕೃತದಲ್ಲಿ ಬರಹ. ಕದಂಬರಿಗೂ ಮುಂಚೆ ಅಲ್ಲಿ ಆಳಿದ ಚುಟು ವಂಶದ ಕಾಲದ್ದು. ಸುಮಾರು 1,700-1,800 ವರ್ಷ ಹಳೆಯದು. ರಾಜನ ಮಗಳೊಬ್ಬಳು ಈ ನಾಗನನ್ನೂ ಒಂದು ಕೆರೆಯನ್ನೂ ಒಂದು ವಿಹಾರವನ್ನೂ ಮಾಡಿಸಿಕೊಟ್ಟಳೆಂದು ಅದು ಹೇಳುತ್ತದೆ. ಆಕೆಯ ಹೆಸರಿನಲ್ಲೇ ನಾಗಶ್ರೀ ಎಂಬ ಮಾತಿದೆ. ಅಷ್ಟಕ್ಕೇ ನಿಲ್ಲದೆ, ಈ ನಾಗನನ್ನು ಮಾಡಿದವನು ದಾಮೋರಕ ಆಚಾರ್ಯನ ಶಿಷ್ಯ ನಟಕ ಎಂದೂ ಬರೆದಿದೆ. ಕೊಟ್ಟವಳೂ ಇದ್ದಾಳೆ, ಮಾಡಿದವನೂ ಇದ್ದಾನೆ, ಒಂದೇ ಕಲ್ಲಿನಲ್ಲಿ. ಮಕ್ಕಳಿಗೆ ಇದನ್ನು ವಿವರಿಸುತ್ತಿದ್ದಂತೆ ನನ್ನ ಗಂಟಲು ಕಟ್ಟಿತು. ಮಕ್ಕಳು ಧೂಳಿಗೆ ಇರಬೇಕೆಂದುಕೊಂಡು ನೀರಿನ ಬಾಟಲಿ ಕೊಟ್ಟರು.

ಆ ವರ್ಷದ ಪಂಚಮಿಗೆ ಊರಿಗೆ ಹೋದಾಗ ಒರಳಿನ ಮುಂದೆ ಕೂತು ದೊಡ್ಡತ್ತೆಗೆ ಇದೆಲ್ಲ ಹೇಳಿದೆ. ಅವರಿಗಾಗ ಎಪ್ಪತ್ತೊಂದು. ಒನಕೆ ನಿಲ್ಲಿಸಿ, "ಕೆತ್ತಿದವನ ಹೆಸರೂ ಬರೆದಿದ್ದಾರಾ?" ಎಂದರು.

"ಹೂಂ ಅತ್ತೆ."

"ಕೊಟ್ಟವಳ ಹೆಸರಿನ ಜೊತೇಲೇ?"

"ಜೊತೇಲೇ."

"ಒಳ್ಳೇ ಜನ" ಎಂದು ಮತ್ತೆ ಕುಟ್ಟತೊಡಗಿದರು.

ಜಗಲಿಯಲ್ಲಿ ಪೇಪರು ಓದುತ್ತಿದ್ದ ಅಪ್ಪ ಏನೂ ಮಾತಾಡಲಿಲ್ಲ. ಆದರೆ ಮರುವರ್ಷ ಕಟ್ಟೆಯಿಂದ ಬಂದವರೇ ಅಂಗಿ ಕಳಚಿ, ಮಣೆ ಎತ್ತಿಕೊಂಡು ಸೀದಾ ಅಡಿಗೆಮನೆಗೆ ಹೋಗಿ ಅಕ್ಕನಿಗೆ ಬೆನ್ನು ಹಾಕಿ ಕೂತರು. "ಅಕ್ಕ, ಹಾಲು ಹಾಕು" ಎಂದರು.

ದೊಡ್ಡತ್ತೆ ಹೆದರಿದರು. "ಬೇಡ ಕಣೋ, ನಿನಗೇನಾದ್ರೂ ಆದ್ರೆ ನಾನು ಹೆಂಗೆ ತಡ್ಕೊಳ್ಳಲಿ?" ಅಪ್ಪ ಏಳಲಿಲ್ಲ. "ನೀನು ಕಟ್ಟಿದ ತಂಬಿಟ್ಟು ಇಷ್ಟು ವರ್ಷ ತಿಂದಿದ್ದೀನಿ, ಏನಾಗಿದೆ?" ಎಂದರು. 57 ವರ್ಷಗಳ ಮೇಲೆ ಅವರ ಕೈ ತಮ್ಮನ ಬೆನ್ನಿನ ಮೇಲೆ ಹಾಲೆರೆಯಿತು. ಕೈ ನಡುಗಿ ಅರ್ಧ ಹಾಲು ನೆಲಕ್ಕೆ ಹೋಯಿತು.

ಅದೇ ತಿಂಗಳು ಅಪ್ಪನಿಗೆ ಟೈಫಾಯ್ಡ್ ಬಂತು. ಊರಿನವರು ಗುಸುಗುಸು ಆಡಿದರು. ಕೆಲವರು ಮುಖಕ್ಕೇ ಅಂದರು. ದೊಡ್ಡತ್ತೆ ಮೂರು ದಿನ ಊಟ ಮುಟ್ಟಲಿಲ್ಲ. ನಾನು ಬುದ್ಧಿವಂತಿಕೆ ತೋರಿಸಲು ಹೋಗಿ ಮುದುಕಿಯ ನೆಮ್ಮದಿ ಕೆಡಿಸಿದೆನಲ್ಲಾ ಎಂದು ನನಗೂ ನಿದ್ದೆಯಿರಲಿಲ್ಲ. ಔಷಧಿಯಿಂದ ಜ್ವರ ಇಳಿಯಿತು. ಮರುವರ್ಷ ಅಪ್ಪ ಮತ್ತೆ ಅದೇ ಮಣೆ ಹಿಡಿದು ಹೋದರು. ಆಮೇಲೆ ಪ್ರತಿವರ್ಷವೂ. ದೊಡ್ಡತ್ತೆ 2004ರಲ್ಲಿ ತೀರಿಕೊಂಡರು, ಅಪ್ಪ 2008ರಲ್ಲಿ.

ನನ್ನ ಯಜಮಾನರು 2017ರಲ್ಲಿ ಹೋದರು. ಮರುವರ್ಷದ ಪಂಚಮಿಗೆ ತಮ್ಮ ನಮ್ಮ ಮನೆಗೆ ಬಂದ. ನಾನು ಚಿಗಳಿ ಮಾಡಿ ಒಳಗೇ ಇದ್ದೆ. ಓದಿದವಳ ಮನಸ್ಸೂ ಹಳೆಯ ಹಾದಿಯನ್ನೇ ಹಿಡಿಯುತ್ತದೆ, ನೋಡಿ. ಅವನು ಅಂಗಿ ಕಳಚಿ ಕೂತು, "ಅಕ್ಕಾ, ಬೇಗ ಬಾ, ಚಳಿ" ಎಂದ. ಹೋಗಿ ಹಾಲೆರೆದೆ. ಯಾರೂ ಏನೂ ಅನ್ನಲಿಲ್ಲ. ಅನ್ನಿಸಿಕೊಳ್ಳಬೇಕಾದದ್ದನ್ನೆಲ್ಲ ಇಪ್ಪತ್ತು ವರ್ಷ ಮುಂಚೆಯೇ ದೊಡ್ಡತ್ತೆ ಅನ್ನಿಸಿಕೊಂಡು ಮುಗಿಸಿದ್ದರು.

ಮಗಳಿಗೆ ಸ್ಪರ್ಧೆಯಲ್ಲಿ ಬಹುಮಾನ ಬರಲಿಲ್ಲ. ಮಿಕ್ಸಿಯನ್ನು ಒಂದೇ ಸಮನೆ ಓಡಿಸಿ, ಎಳ್ಳು ಬಿಸಿಯಾಗಿ ಎಣ್ಣೆ ಪೂರ್ತಿ ಬಿಟ್ಟುಕೊಂಡು ಉಂಡೆ ಜಾರತೊಡಗಿತಂತೆ. ಈ ವರ್ಷ ಬರೆದು ಕಳಿಸುತ್ತಿದ್ದೇನೆ. ಮಿಕ್ಸಿ ನಿಲ್ಲಿಸಿ ನಿಲ್ಲಿಸಿ ತಿರುಗಿಸು. ಹೈಡ್ರೋಸ್ ಹಾಕಿ ಬೆಳ್ಳಗೆ ಮಾಡಿದ ಬೆಲ್ಲ ತರಬೇಡ, ಕಂದು ಬಣ್ಣದ್ದೇ ತೆಗೆದುಕೋ. ಅಕ್ಕಿಯನ್ನು ನೆರಳಲ್ಲೇ ಆರಿಸು. ಉಂಡೆ ಕಟ್ಟಿ ಆದ ಮೇಲೆ ಕೈ ತೊಳೆದುಕೊಂಡು ಹಜಾರಕ್ಕೆ ಬಾ, ಒಳಗೆ ಕೂರಬೇಡ. ನಿನ್ನ ಜೊತೆ ಕೆಲಸ ಮಾಡಿದವರು ಯಾರಾದರೂ ಒಳಗೆ ಉಳಿದಿದ್ದರೆ ಅವರನ್ನೂ ಕರೆದುಕೊಂಡು ಬಾ.