ಇಂಗ್ಲಿಷ್ ಭೂತಕಾಲದ ಗಣಕ ಮಾದರಿಗಳು

‘ವಾಕ್–ವಾಕ್ಡ್’ನಂಥ ನಿಯತ ರೂಪಗಳನ್ನೂ ‘ಸಿಂಗ್–ಸ್ಯಾಂಗ್’, ‘ಗೋ–ವೆಂಟ್’ನಂಥ ಅನಿಯತ ರೂಪಗಳನ್ನೂ ಮನಸ್ಸು ಹೇಗೆ ಕಲಿಯುತ್ತದೆ ಎಂಬುದನ್ನು ಪರೀಕ್ಷಿಸುವ ಕಂಪ್ಯೂಟರ್ ಮಾದರಿಗಳು.  

1986ರಲ್ಲಿ ಡೇವಿಡ್ ರುಮೆಲ್‌ಹಾರ್ಟ್ ಮತ್ತು ಜೇಮ್ಸ್ ಮೆಕ್‌ಕ್ಲೆಲಂಡ್ ರೂಪಿಸಿದ ನರಜಾಲಕ್ಕೆ (ಉದಾಹರಣೆಗಳಿಂದ ಕಲಿಯುವ ಕಂಪ್ಯೂಟರ್ ಜಾಲಕ್ಕೆ) ಯಾವ ವ್ಯಾಕರಣ ಸೂತ್ರವನ್ನೂ ಕೊಟ್ಟಿರಲಿಲ್ಲ. ಧಾತು ಮತ್ತು ಭೂತರೂಪದ ಜೋಡಿಗಳಷ್ಟೇ ಅದಕ್ಕೆ ಪಾಠ. ಮೊದಲು ಸರಿಯಾಗಿ ಕಲಿತ ರೂಪಗಳನ್ನು ಅದು ನಡುವೆ ‘ಕಮ್ಡ್’ ಎಂಬಂತೆ ಕೆಡಿಸಿ, ಮತ್ತೆ ತಿದ್ದಿಕೊಂಡಿತು. ಮಕ್ಕಳ ಕಲಿಕೆಯೂ ಹೀಗೆಯೇ ಸಾಗುವುದರಿಂದ ಇದು ದೊಡ್ಡ ಸುದ್ದಿಯಾಯಿತು. 1988ರಲ್ಲಿ ಸ್ಟೀವನ್ ಪಿಂಕರ್ ಮತ್ತು ಆಲನ್ ಪ್ರಿನ್ಸ್ ಇದರ ಬುಡಕ್ಕೇ ಕೈಹಾಕಿದರು: ಮೊದಲು 10 ಪದ, ಆಮೇಲೆ ಒಮ್ಮೆಲೇ 410 ಪದ ಸೇರಿಸಿದ್ದರಿಂದಲೇ ಆ ಏರಿಳಿತ ಹುಟ್ಟಿತೆಂದು ವಾದಿಸಿದರು. ಆಕ್ಷೇಪ ನ್ಯಾಯವಾದದ್ದೇ. ‘ಮೇಲ್’ ಧಾತುವಿಗೆ ಜಾಲ ಕೊಟ್ಟ ‘ಮೆಂಬ್ಲ್ಡ್’ ಎಂಬ ವಿಚಿತ್ರ ಉತ್ತರವೂ ಪ್ರಸಿದ್ಧವಾಯಿತು. ನಿಯತಕ್ಕೆ ಸೂತ್ರ, ಅನಿಯತಕ್ಕೆ ಸ್ಮೃತಿ ಎಂಬುದು ಪಿಂಕರ್ ಪಕ್ಷ.

ಜರ್ಮನ್ ಈ ಚರ್ಚೆಗೆ ಒಳ್ಳೆಯ ಒರೆಗಲ್ಲು. ಅಲ್ಲಿ ‘-ಸ್’ ಬಹುವಚನ ವಿರಳ. ಆದರೂ ಹೆಸರುಗಳಿಗೂ ಅನೇಕ ಎರವಲು ಪದಗಳಿಗೂ ಅದೇ ಹತ್ತುತ್ತದೆ; ಅಂದರೆ ವಿರಳವಾದ ರೂಪವೂ ಸೂತ್ರದಂತೆ ವರ್ತಿಸಬಲ್ಲದು. 2018ರಲ್ಲಿ ಕ್ರಿಸ್ಟೊ ಕಿರೋವ್ ಮತ್ತು ರಯಾನ್ ಕಾಟರೆಲ್ ಆಧುನಿಕ ನರಜಾಲಗಳು ಹಳೆಯ ಆಕ್ಷೇಪಗಳಲ್ಲಿ ಹಲವನ್ನು ದಾಟುತ್ತವೆಂದು ವಾದಿಸಿ ಚರ್ಚೆಯನ್ನು ಮತ್ತೆ ತೆರೆದರು.