ವೇಷದ ಹಿಂದೆ ಯಾರಿದ್ದಾರೆ?

2021ರ ನವೆಂಬರ್ 8ರ ಆ ಫೋಟೋ ನಿಮ್ಮ ಮೊಬೈಲಿಗೂ ಬಂದಿರುತ್ತೆ. ರಾಷ್ಟ್ರಪತಿ ಭವನದಲ್ಲಿ ಬರಿಗಾಲಲ್ಲಿ ನಡೆದು ಬಂದ ಅಜ್ಜಿ, ಕೊರಳ ತುಂಬ ಮಣಿಸರ, ರವಿಕೆಯಿಲ್ಲದೆ ಉಟ್ಟ ಸೀರೆ. ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡ ಪದ್ಮಶ್ರೀ ಪಡೆದ ದಿನ ಅದು. ನಾವೆಲ್ಲ ‘ಎಂಥಾ ಸರಳತೆ!’ ಅಂತ ಬರೆದು ಮುಂದಿನವರಿಗೆ ಕಳಿಸಿದೆವು.

ಆದರೆ ನಮಗೆ ಸಿಕ್ಕಿದ್ದು ತುಳಸಿ ಗೌಡರಾ, ಅವರ ಉಡುಪಾ? ಮಣಿಸರ ಅವರೊಬ್ಬರ ಗುಣ ಅಲ್ಲ, ಹಾಲಕ್ಕಿ ಒಕ್ಕಲಿಗರ ರೂಢಿ. ಬೆಳಂಬಾರದ ಕಡೆ ಹೋದರೆ ಆ ಸರ ತೊಟ್ಟ ಹಿರಿಯ ಹೆಂಗಸರು ಇನ್ನೂ ಕಾಣಸಿಗುತ್ತಾರೆ. ಅವರಲ್ಲಿ ಜಿಪುಣರೂ ಇರುತ್ತಾರೆ, ಧಾರಾಳಿಗಳೂ ಇರುತ್ತಾರೆ. ತುಳಸಿ ಗೌಡರನ್ನು ತುಳಸಿ ಗೌಡರನ್ನಾಗಿ ಮಾಡಿದ್ದು ಬೇರೆಯೇ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಿನಗೂಲಿಗೆ ದುಡಿಯುತ್ತ, ಯಾವ ಮರದ ಬೀಜವನ್ನು ಯಾವಾಗ ಆರಿಸಬೇಕು, ಕಾಡಿನಲ್ಲಿ ತಾಯಿಮರ ಯಾವುದು ಅಂತ ಗುರುತಿಸುವ ಕಣ್ಣು ಅದು. ಆ ಕಣ್ಣು ಫೋಟೋದಲ್ಲಿ ಬೀಳಲ್ಲ. ಅದನ್ನು ಹಿಡಿಯೋಕೆ ಕಥೆ ಬೇಕು.

ಒಬ್ಬ ಮನುಷ್ಯನ ಒಳಗನ್ನು ಓದುಗರಿಗೆ ಕಾಣಿಸೋದು ಹೇಗೆ? ಕಥೆಗಾರರ ಈ ಹಳೆಯ ಪ್ರಶ್ನೆಗೆ ಕಾರವಾರ, ಅಂಕೋಲಾ, ಗೋಕರ್ಣದ ಈ ಪುಟ್ಟ ಕರಾವಳಿ ಪಟ್ಟಿ ಕೊಟ್ಟಷ್ಟು ಉತ್ತರಗಳನ್ನು ಕನ್ನಡದ ಬೇರೆ ಮೂಲೆಗಳು ಕೊಟ್ಟಿರೋದು ಅಪರೂಪ.

ಮೊದಲ ಪಾಠ ಯಕ್ಷಗಾನದ್ದು. ಇಲ್ಲಿ ಪಾತ್ರ ಬಾಯಿ ಬಿಡುವ ಮೊದಲೇ ನಿಮಗೆ ಆಳು ಗೊತ್ತು. ಕಿರೀಟವಾದರೆ ರಾಜ, ಬಣ್ಣದ ವೇಷವಾದರೆ ರಾಕ್ಷಸ. ತೆರೆಯ ಹಿಂದಿನ ಆರ್ಭಟ ಕೇಳಿದ ಕೂಡಲೇ ಮಕ್ಕಳು ಅಮ್ಮನ ಸೆರಗು ಹಿಡಿಯುತ್ತವೆ. ಆದರೆ ಇದೇ ಜಿಲ್ಲೆಯ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಕೀಚಕ ಆದರೆ ಲೆಕ್ಕ ತಪ್ಪುತ್ತಿತ್ತು. ಕೀಚಕ ಕೆಟ್ಟವನು ಅಂತ ಗೊತ್ತಿದ್ದೂ ಜನ ಅವನ ಮೋಹಕ್ಕೆ ಸೋಲುತ್ತಿದ್ದರು. ವೇಷ ಒಂದು ಹೇಳಿದರೆ ಹೆಜ್ಜೆ ಇನ್ನೊಂದು ಹೇಳುತ್ತಿತ್ತು.

ತಾಳಮದ್ದಳೆಯಲ್ಲಿ ವೇಷವೂ ಇಲ್ಲ, ಕುಣಿತವೂ ಇಲ್ಲ. ಪಂಚೆ ಉಟ್ಟು ಕೂತ ಅರ್ಥಧಾರಿ ಬರೀ ಮಾತಲ್ಲಿ ಕರ್ಣನನ್ನು ಕಟ್ಟಬೇಕು. ಪದ್ಯ ಅದೇ, ಆದರೆ ಇವತ್ತಿನ ಕರ್ಣ ಅಭಿಮಾನಿ, ನಾಳಿನವನು ನೊಂದವನು. ಎದುರಾಳಿಯ ಚುಚ್ಚು ಪ್ರಶ್ನೆಗೆ ಅವನು ಏನು ಹೇಳುತ್ತಾನೆ, ಯಾವುದನ್ನು ಹಾರಿಸಿಬಿಡುತ್ತಾನೆ ಅನ್ನೋದರಲ್ಲಿ ಗುಣ ಇದೆ. ಕಾದಂಬರಿ ಓದದ ಊರಿನವರಿಗೂ ಈ ಸೂಕ್ಷ್ಮ ಚೆನ್ನಾಗಿಯೇ ಗೊತ್ತಿತ್ತು.

ಅಚ್ಚಿನ ಕಾದಂಬರಿ ಈ ಪಾಠ ಕಲಿಯೋಕೆ ಸಮಯ ತಗೊಂಡಿತು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಅಂತ ಹೆಸರಾದ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ 1899ರಲ್ಲಿ ಮಂಗಳೂರಿನಲ್ಲಿ ಬಂತು. ಅದರ ಇನ್ನೊಂದು ಹೆಸರು ‘ಸದ್ಧರ್ಮ ವಿಜಯ’. ಗೆಲ್ಲೋರು ಯಾರು ಅಂತ ಮುಖಪುಟದಲ್ಲೇ ತೀರ್ಮಾನ! ಬಾಲವಿಧವೆ ಓದಿ, ಮರುಮದುವೆಯಾಗುವ ಕಥೆಯನ್ನು ಆ ಕಾಲದಲ್ಲಿ ಬರೆಯೋಕೆ ಗುಂಡಿಗೆ ಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಇಲ್ಲಿ ಒಳ್ಳೆಯವರು ಯಾರು, ಕಪಟಿಗಳು ಯಾರು ಎಂಬ ಗೊಂದಲ ಓದುಗರಿಗೆ ಬರೋದಿಲ್ಲ. ನಗಬೇಡಿ, ನಮ್ಮ ಆಫೀಸಿನ ಅಪ್ರೈಸಲ್ ಫಾರ್ಮುಗಳು ಇವತ್ತಿಗೂ ಇದೇ ಶೈಲಿಯಲ್ಲಿವೆ. ‘ಶ್ರಮಜೀವಿ’, ‘ಟೀಮ್ ಪ್ಲೇಯರ್’, ‘ಇನ್ನೂ ಸುಧಾರಿಸಬೇಕು’. ಬರೀ ವಿಶೇಷಣಗಳು, ಮನುಷ್ಯ ನಾಪತ್ತೆ.

ಮುಂದಿನ ತಿರುವಿಗೆ ಒಂದು ಆಡಳಿತದ ಕಾರಣವೂ ಇದೆ. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬೈ ಪ್ರಾಂತ್ಯಕ್ಕೆ ಸೇರಿಸಿದರು. 1956ರ ತನಕ ಹಾಗೇ ಇತ್ತು. ಹೀಗಾಗಿ ಇಲ್ಲಿನ ಹುಡುಗರು ಓದಿ ಕೆಲಸ ಹುಡುಕಿಕೊಂಡು ಹೋದದ್ದು ಮುಂಬೈಗೆ. ಹನೇಹಳ್ಳಿಯಲ್ಲಿ 1928ರಲ್ಲಿ ಹುಟ್ಟಿದ ಯಶವಂತ ಚಿತ್ತಾಲರೂ ಹಾಗೆ ಹೋದವರು. ವೃತ್ತಿಯಲ್ಲಿ ಪಾಲಿಮರ್ ತಂತ್ರಜ್ಞ, ಅಂದರೆ ನಮ್ಮ ಥರವೇ ಕಂಪನಿ ನೌಕರ.

ಅವರ ‘ಶಿಕಾರಿ’ 1979ರಲ್ಲಿ ಬಂತು. ಮುಂಬೈಯ ಕಂಪನಿಯೊಂದರ ದೊಡ್ಡ ಹುದ್ದೆಯಲ್ಲಿರುವ ನಾಗಪ್ಪನನ್ನು ಇದ್ದಕ್ಕಿದ್ದಂತೆ ಕೆಲಸದಿಂದ ದೂರ ಇಡುತ್ತಾರೆ. ಆರೋಪ ಏನು ಅಂತ ಅವನಿಗೇ ಗೊತ್ತಿಲ್ಲ. ಲೇ-ಆಫ್ ಸುದ್ದಿಯ ಈ ದಿನಗಳಲ್ಲಿ ಓದಿ ನೋಡಿ, ಬೆನ್ನಲ್ಲಿ ಚಳಿ ಹುಟ್ಟುತ್ತೆ. ನಾಗಪ್ಪ ಎಂಥವನು ಅಂತ ಚಿತ್ತಾಲರು ಸರ್ಟಿಫಿಕೇಟು ಕೊಡಲ್ಲ. ಅವನ ತಲೆಯೊಳಗೆ ನಮ್ಮನ್ನು ಕೂರಿಸಿಬಿಡುತ್ತಾರೆ. ಒಂದು ಫೋನ್ ಕರೆ, ಯಾರದೋ ನಗು, ತಡವಾದ ಉತ್ತರ, ಎಲ್ಲದರಲ್ಲೂ ಅವನಿಗೆ ಸಂಚು ಕಾಣುತ್ತೆ. ಫಿರೋಜ್ ಬಂದೂಕವಾಲಾ ನಿಜಕ್ಕೂ ಬೇಟೆಗಾರನಾ, ಅಥವಾ ಅದು ನಾಗಪ್ಪನ ಭಯವಾ? ಅವನ ಅನುಮಾನ ಎದುರಿನವರ ಬಗ್ಗೆ ಎಷ್ಟು ಹೇಳುತ್ತೋ, ಅದಕ್ಕಿಂತ ಹೆಚ್ಚಾಗಿ ಅವನ ಬಗ್ಗೆಯೇ ಹೇಳುತ್ತೆ. ಒಬ್ಬ ವ್ಯಕ್ತಿ ಲೋಕವನ್ನು ಹೇಗೆ ನೋಡುತ್ತಾನೆ ಅಂತ ತೋರಿಸಿದರೆ ಸಾಕು, ಅವನ ಚಿತ್ರ ತಾನೇ ಮೂಡುತ್ತೆ.

ಇಲ್ಲಿ ಇನ್ನೊಂದು ವಿಷಯ ಗಮನಿಸಿ. ಚಿತ್ತಾಲ, ಜಯಂತ ಕಾಯ್ಕಿಣಿ, ವಿವೇಕ ಶಾನಭಾಗ ಮೂವರ ಮನೆಮಾತೂ ಕೊಂಕಣಿ. ಬರೆದದ್ದು ಕನ್ನಡದಲ್ಲಿ. ಮುಂಬೈಯ ಪಾತ್ರಗಳಾದರೆ ಮಾತಾಡೋದು ಮರಾಠಿಯಲ್ಲೋ ಹಿಂದಿಯಲ್ಲೋ. ಕುವೆಂಪು ಅವರಿಗೆ ಮಲೆನಾಡಿನ ಮಾತಿನ ಸೊಗಡಿನಿಂದಲೇ ಒಂದು ಪಾತ್ರವನ್ನು ಎಬ್ಬಿಸಿ ನಿಲ್ಲಿಸಬಹುದಿತ್ತು. ಇವರಿಗೆ ಆ ಸೌಕರ್ಯ ಯಾವಾಗಲೂ ಇರಲಿಲ್ಲ. ಅದಕ್ಕೇ ಇರಬೇಕು, ಇವರು ಮಾತಿನ ಆಚೆ, ವಸ್ತುಗಳಲ್ಲಿ, ಸಣ್ಣ ಕ್ರಿಯೆಗಳಲ್ಲಿ, ಮೌನದಲ್ಲಿ ಮನುಷ್ಯರನ್ನು ಹುಡುಕಿದರು ಅಂತ ನನಗನಿಸುತ್ತೆ.

ಕಾಯ್ಕಿಣಿಯವರ ‘ನೋ ಪ್ರೆಸೆಂಟ್ಸ್ ಪ್ಲೀಸ್’ ಕಥೆಯಲ್ಲಿ ಮದುವೆಗೆ ಹೊರಟ ಬಡ ಜೋಡಿಯೊಂದು ಕರೆಯೋಲೆಯ ಒಕ್ಕಣೆಗೆ ತಲೆ ಕೆಡಿಸಿಕೊಳ್ಳುತ್ತೆ. ಹೆಸರು ಹೇಗೆ ಹಾಕಿಸೋದು, ಕೊನೆಗೆ ಯಾವ ಸಾಲು ಬರೆಸೋದು? ಸಣ್ಣ ಕಾಗದದ ತುಂಡು ಅಷ್ಟೇ. ಅದರ ಸುತ್ತ ಅವರ ಒಂಟಿತನ, ಹೆಮ್ಮೆ, ಆಸೆ ಎಲ್ಲ ಬಿಚ್ಚಿಕೊಳ್ಳುತ್ತೆ. ‘ಅವರು ಸ್ವಾಭಿಮಾನಿಗಳು’ ಅಂತ ಬರೆಯುವ ಅಗತ್ಯವೇ ಇಲ್ಲ. ತೇಜಸ್ವಿನಿ ನಿರಂಜನ ಇಂಗ್ಲಿಷಿಗೆ ತಂದ ಇದೇ ಹೆಸರಿನ ಸಂಕಲನಕ್ಕೆ 2018ನೇ ಸಾಲಿನ ಡಿಎಸ್‌ಸಿ ಪ್ರಶಸ್ತಿ ಸಿಕ್ಕಿತು.

ಅಂಕೋಲಾದ ವಿವೇಕ ಶಾನಭಾಗರು ‘ಘಾಚರ್ ಘೋಚರ್’ನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಬೆಂಗಳೂರಿನಲ್ಲಿ ಮಸಾಲೆ ವ್ಯಾಪಾರದಿಂದ ದಿಢೀರ್ ಶ್ರೀಮಂತವಾದ ಕುಟುಂಬ. ಕಥೆ ಹೇಳುವವನಿಗೆ ಹೆಸರೇ ಇಲ್ಲ. ಕಾಫಿ ಹೌಸಿನಲ್ಲಿ ಕೂತು ಮನೆಯ ಎಲ್ಲರ ಗುಣ ಬಿಡಿಸಿ ಹೇಳುವ ಸಭ್ಯ ಮನುಷ್ಯ. ಒಂದು ದಿನ ಚಿಕ್ಕಪ್ಪನನ್ನು ಹುಡುಕಿಕೊಂಡು ಹೆಂಗಸೊಬ್ಬಳು ಬಾಗಿಲಿಗೆ ಬರುತ್ತಾಳೆ, ಕೈಯಲ್ಲಿ ಅವನಿಗಾಗಿ ಮಾಡಿ ತಂದ ಅಡುಗೆ. ಮನೆಯ ಹೆಂಗಸರು ಅವಳನ್ನು ಬೈದು ಅಟ್ಟುತ್ತಾರೆ. ನಮ್ಮ ಸಭ್ಯ ನಿರೂಪಕ ಸುಮ್ಮನಿರುತ್ತಾನೆ. ಆ ಮೌನ ನೋಡಿದ ಮೇಲೆ ಅವನ ಒಂದೊಂದು ಮಾತನ್ನೂ ನಾವು ಅನುಮಾನದಿಂದ ಓದುತ್ತೇವೆ. ಬೇರೆಯವರ ಚಾಡಿ ಹೇಳುತ್ತ ಹೇಳುತ್ತ ತನ್ನ ಗುಟ್ಟನ್ನೇ ಬಿಟ್ಟುಕೊಟ್ಟ ಮನುಷ್ಯ ಅವನು.

ಬಣ್ಣದ ವೇಷದಿಂದ ಈ ಮೌನದ ತನಕ ಬಂದ ದಾರಿ ಬರೀ ಸಾಹಿತ್ಯದ ಲೆಕ್ಕ ಅಂದುಕೊಳ್ಳಬೇಡಿ. ಬೆಳಂಬಾರ ಅಂದರೆ ಹೊರಗಿನವರಿಗೆ ಲಕ್ವಕ್ಕೆ ನಾಟಿ ಔಷಧಿ ಕೊಡುವ ಊರು, ಅಷ್ಟೇ. ಹಾಲಕ್ಕಿಯವರು ಅಂದರೆ ಮಣಿಸರ. ಬಡಗೇರಿಯ ಸುಕ್ರಿ ಬೊಮ್ಮಗೌಡ ಅಂದರೆ ‘ಜಾನಪದ ಕೋಗಿಲೆ’. ಅದೇ ಸುಕ್ರಜ್ಜಿ ಊರಲ್ಲಿ ಸಾರಾಯಿ ವಿರುದ್ಧ ಹೆಂಗಸರನ್ನು ಕೂಡಿಸಿಕೊಂಡು ಹೋರಾಡಿದ ಗಟ್ಟಿಗಿತ್ತಿ ಅನ್ನೋದು ಆ ಬಿರುದಿನಲ್ಲಿ ಕಾಣಲ್ಲ. ಬಿರುದು ಕೂಡ ಒಂದು ವೇಷವೇ. ಸನ್ಮಾನ ಮಾಡುವಾಗಲೂ ನಾವು ಎಷ್ಟೋ ಸಲ ವೇಷಕ್ಕೇ ಶಾಲು ಹೊದಿಸುತ್ತೇವೆ.

ಹೊಸದಾಗಿ ಕಥೆ ಬರೆಯೋಕೆ ಕೂತವರಿಗೆ ಈ ಕರಾವಳಿ ಕಲಿಸೋದು ಇಷ್ಟು: ‘ಅವಳು ಧೈರ್ಯವಂತೆ’ ಅಂತ ಬರೆಯೋ ಮೊದಲು, ಧೈರ್ಯ ಬೇಕಾದ ಗಳಿಗೆಯಲ್ಲಿ ಅವಳು ಏನು ಮಾಡಿದಳು ಅಂತ ನೋಡಿ. ಬರೆಯದವರಿಗೂ ಇದು ಅನ್ವಯಿಸುತ್ತೆ. ತುಳಸಿ ಗೌಡ 2024ರ ಡಿಸೆಂಬರ್‌ನಲ್ಲಿ ತೀರಿಕೊಂಡರು, ಸುಕ್ರಜ್ಜಿ 2025ರ ಫೆಬ್ರವರಿಯಲ್ಲಿ. ಎರಡೂ ಸಲ ಮತ್ತೆ ಅದೇ ಫೋಟೋಗಳು ಓಡಾಡಿದವು. ಅವರ ಜೊತೆ ಬೀಜ ಆರಿಸಿದವರು, ಹಾಡಿಗೆ ದನಿಗೂಡಿಸಿದವರು ಅಂಕೋಲೆಯಲ್ಲಿ ಇನ್ನೂ ಇದ್ದಾರೆ. ಕೇಳಿದರೆ ಹೇಳುತ್ತಾರೆ.